ನೊಯೆಮಿಯ ಹಣೆ

ಮೂವತ್ತೊಂದು ವರ್ಷದಿಂದ ನಾನು ಮುಖ ಆರಿಸುವ ಕೆಲಸ ಮಾಡುತ್ತಿದ್ದೇನೆ. ಸತ್ತು ನೂರೈವತ್ತು ವರ್ಷವಾದ ಲೇಖಕರ ಕಾದಂಬರಿಯನ್ನು ಯಾರಾದರೂ ಸಿನಿಮಾ ಮಾಡಲು ಹೊರಟರೆ ಪ್ಯಾರಿಸ್ಸಿನಲ್ಲಿ ಮೊದಲು ನನಗೇ ಫೋನ್ ಬರುತ್ತದೆ. ಅಂಥ ಸಿನಿಮಾಕ್ಕೆ ಮುಖ ಸಿಗುವುದು ಈಗ ಬಲು ಕಷ್ಟ. ಎಲ್ಲರ ಹಲ್ಲೂ ಒಂದೇ ಸಾಲು, ಎಲ್ಲರ ಹುಬ್ಬೂ ಒಂದೇ ಅಳತೆ. ಉದ್ದ ಲಂಗ ತೊಡಿಸಿ ಹಾಲಿನ ಪಾತ್ರೆ ಕೈಗೆ ಕೊಟ್ಟರೂ ಈಗಷ್ಟೇ ಮೊಬೈಲು ಬ್ಯಾಗಿಗೆ ಹಾಕಿಕೊಂಡು ಬಂದವರಂತೆ ಕಾಣುತ್ತಾರೆ. ಹೀಗೆ ಗೊಣಗಿದರೆ ಯೋಲಾಂದ್‌ಗೆ ವಯಸ್ಸಾಯಿತು ಅನ್ನುತ್ತಾರೆ. ಆಗಿದೆ, ಅದಕ್ಕೇನೀಗ?

ಈ ವಸಂತದಲ್ಲಿ ತಿಬೋ ಎಂಬ ನಿರ್ದೇಶಕ ಬಂದ. ಮೂವತ್ತನಾಲ್ಕರ ಅವಸರದ ಮನುಷ್ಯ, ಆದರೆ ಕಣ್ಣು ಒಳ್ಳೆಯದು. ಅವನು ಹಿಡಿದದ್ದು ನಾವೆಲ್ಲ ಶಾಲೆಯಲ್ಲಿ ಬೈದುಕೊಂಡು ಓದಿ, ಕೊನೆಗೆ ಅತ್ತ ಕಾದಂಬರಿ. ಅದರಲ್ಲೊಬ್ಬಳು ಬಟ್ಟೆ ಒಗೆಯುವ ಮುದುಕಿ ಬರುತ್ತಾಳೆ. ದೊಡ್ಡಮನೆಯ ಬಟ್ಟೆಗಂಟು ಬಿಚ್ಚುವಾಗ, ಆ ಮನೆಯ ಯಜಮಾನನ ಜೊತೆ ಯುದ್ಧಕ್ಕೆ ಹೋದ ತನ್ನ ಮಗನ ಅಂಗಿ ಅವಳ ಕೈಗೆ ಸಿಗುತ್ತದೆ. ಮಗ ಇನ್ನಿಲ್ಲವೆಂದು ಅವಳಿಗೆ ತಿಳಿಯುವುದು ಹಾಗೆ. ಲೇಖಕ ಅವಳಿಗೆ ಮೂರು ಪುಟ ಕೊಟ್ಟಿದ್ದಾನೆ, ಒಂದೇ ಒಂದು ಮಾತು ಕೊಟ್ಟಿಲ್ಲ. ಎಲ್ಲವನ್ನೂ ಮುಖವೇ ಹೇಳಬೇಕು.

ನನಗೆ ತಕ್ಷಣ ನೊಯೆಮಿ ನೆನಪಾದಳು. ನಾಟಕ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ನಟನೆ ಬಿಟ್ಟೆ, ಅವಳು ಬಿಡಲಿಲ್ಲ. ಅವಳ ತಾಯಿ ರುಬೆ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆಬಟ್ಟೆ ಒಗೆದೇ ಮಗಳನ್ನು ಓದಿಸಿದವಳು. ಇಪ್ಪತ್ತೈದರಲ್ಲೇ ನೊಯೆಮಿ ಹೇಳುತ್ತಿದ್ದಳು: "ನಾಯಕಿ ಪಾತ್ರ ಯಾರಿಗಾದ್ರೂ ಕೊಟ್ಕೊಳ್ಳಿ ಕಣ್ರೇ. ನಂಗೆ ಆ ಮುದುಕಿ ಸಾಕು. ವಯಸ್ಸಾಗೋ ತನಕ ಕಾಯ್ತೀನಿ." ಕಾದಳು. ಈಗ ಅವಳಿಗೆ ಎಪ್ಪತ್ತಮೂರು.

ಎರಡು ವರ್ಷದ ಹಿಂದೆ ಬೇರೊಂದು ಚಿತ್ರದ ಶ್ರೀಮಂತ ವಿಧವೆಯ ಪಾತ್ರಕ್ಕೆ ಅವಳು ಆಡಿಷನ್ ಕೊಟ್ಟಿದ್ದಳು. ಆ ವಿಡಿಯೊ ನನ್ನ ಬಳಿ ಇತ್ತು. ತನ್ನ ಸರದಿಗೆ ಕಾಯುತ್ತ ಅವಳು ಸುಮ್ಮನೆ ನೆಲ ನೋಡುವ ಹತ್ತು ಸೆಕೆಂಡು ಅದರಲ್ಲಿದೆ. ತಿಬೋ ಅದನ್ನು ನಾಲ್ಕು ಸಲ ನೋಡಿದ.

"ಇವರೇ," ಅಂದ. "ಯೋಲಾಂದ್, ಆ ಹಣೆ ನೋಡಿ. ಮೂರು ಪುಟನೂ ಅಲ್ಲೇ ಬರೆದಿದೆ."

ವಿಡಿಯೊದಿಂದ ಆ ಹಣೆಯ ಫೋಟೊ ತೆಗೆಸಿ ನನ್ನ ಆಫೀಸಿನ ಗೋಡೆಗೆ ಅಂಟಿಸಿದ. ನಾನು ನೊಯೆಮಿಗೆ ಫೋನ್ ಮಾಡಿ, ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಬಾ, ಆ ಮುದುಕಿಯ ಪಾತ್ರಕ್ಕೆ ಅಂದೆ. ಅಷ್ಟೇ ಅಂದೆ. ನಿರ್ದೇಶಕರ ಮನಸ್ಸಿನಲ್ಲಿರುವುದನ್ನು ಅವರೇ ಬಾಯಿಬಿಟ್ಟು ಹೇಳುವವರೆಗೆ ನಟರಿಗೆ ಸುಳಿವು ಕೊಡಬಾರದು ಎಂಬುದು ನಮ್ಮ ಕಸುಬಿನ ನೇಮ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮುರಿದವಳಲ್ಲ ನಾನು. ಅದೊಂದು ದೊಡ್ಡ ಹೆಮ್ಮೆ ನನಗೆ.

ಗುರುವಾರ ಹನ್ನೊಂದಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದೆ. ನೊಯೆಮಿಯೇ, ಅದೇ ಹಸಿರು ಕೋಟು. ಹಣೆ ಮಾತ್ರ ಇಸ್ತ್ರಿ ಮಾಡಿದ ದಿಂಬಿನ ಚೀಲದಂತೆ ನುಣುಪಾಗಿತ್ತು. ಕಣ್ಣಿನ ಪಕ್ಕ ಒಂದು ಗೆರೆಯಿಲ್ಲ, ಬಾಯಿಯ ಪಕ್ಕ ಒಂದು ಮಡಿಕೆಯಿಲ್ಲ.

"ಬಾಯಿ ಮುಚ್ಚೇ," ಎಂದು ನಕ್ಕಳು. ನಗು ತುಟಿಯಲ್ಲಷ್ಟೇ ಇತ್ತು. "ಸುಕ್ಕು ಹೋಗೋ ಇಂಜೆಕ್ಷನ್. ಅದು ಪೂರ್ತಿ ಹಿಡಿಯೋಕೆ ಹತ್ತು ದಿನ ಬೇಕಂದ್ರು ಡಾಕ್ಟ್ರು. ನೀನು ಫೋನ್ ಮಾಡಿದ ಮಾರನೇ ದಿನವೇ ಓಡಿದೆ."

"ಯಾಕೆ ನೊಯೆಮಿ? ಒಗೆಯೋ ಮುದುಕಿ ಪಾತ್ರ ಕಣೇ ಅದು."

"ಮುದುಕಿ ಪಾತ್ರಕ್ಕೆ ಐವತ್ತರವಳನ್ನ ಹಾಕೋರು ನೀವೇ ಅಲ್ವಾ? ಆ ವಿಧವೆ ಪಾತ್ರದ ಆಡಿಷನ್ ದಿನ ನೀನೇ ಅಂದಿದ್ದೆ, ಏನೇ ಇದು, ಹಣೆ ಉತ್ತ ಹೊಲ ಆಗಿದೆ, ಈ ಮುಖ ಯಾವ ಕ್ಯಾಮೆರಾ ನೋಡುತ್ತೆ ಅಂತ."

ಅಂದಿದ್ದೆ. ತಮಾಷೆಗೆ ಅಂದು, ಇಬ್ಬರೂ ನಕ್ಕು, ಕೆಳಗಿನ ಕೆಫೆಯಲ್ಲಿ ಕಾಫಿ ಕುಡಿದಿದ್ದೆವು. ನಾನು ಆಗಲೇ ಮರೆತಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಒಳಗೆ ಕರೆದುಕೊಂಡು ಹೋದೆ. ತಿಬೋ ಎದ್ದು ನಿಂತ. ಒಮ್ಮೆ ಅವಳನ್ನು ನೋಡಿದ, ಒಮ್ಮೆ ಗೋಡೆಯನ್ನು. ಅವಳು ಕೋಟು ತೂಗುಹಾಕಲು ತಿರುಗಿದಾಗ ಫೋಟೊ ಕಿತ್ತು ಫೈಲಿನೊಳಗೆ ಸೇರಿಸಿದ. ಅದಕ್ಕಾಗಿ ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ನೊಯೆಮಿ ಮೇಜಿನ ಮೇಲಿನ ಗಂಟು ಬಿಚ್ಚಿದಳು. ಒಂದೊಂದೇ ಬಟ್ಟೆ ಕೊಡವಿದಳು. ಅಂಗಿ ಬಂತು. ಹೆಬ್ಬೆರಳು ಕಾಲರಿನ ಹೊಲಿಗೆಯ ಮೇಲೆ ಸಾಗಿ, ಮುದುಕಿ ತಾನೇ ಹಾಕಿದ್ದ ತೇಪೆಯ ಹತ್ತಿರ ನಿಂತುಬಿಟ್ಟಿತು. ತಲೆ ಎತ್ತಿದಳು. ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು, ಮುಖ ಮಾತ್ರ ಬೇರೆ ಯಾರದೋ ಎಂಬಂತೆ ಸುಮ್ಮನಿತ್ತು.

"ಥ್ಯಾಂಕ್ಸ್ ಮೇಡಂ. ತುಂಬಾ ಚೆನ್ನಾಗಿತ್ತು," ಅಂದ ತಿಬೋ.

ಅಷ್ಟು ಬೇಗ ಥ್ಯಾಂಕ್ಸ್ ಬಂದರೆ ಏನರ್ಥವೆಂದು ಯಾವ ನಟಿಗೂ ಹೇಳಿಕೊಡಬೇಕಿಲ್ಲ. ನಾನು ಅವನನ್ನು ಹೊರಗೆ ಎಳೆದೆ.

"ಮೇಕಪ್‌ನಲ್ಲಿ ಸುಕ್ಕು ಮಾಡಿದ್ರಾಯ್ತು."

"ಬರೆದ ಸುಕ್ಕು ಅಲ್ಲಾಡಲ್ಲ, ಯೋಲಾಂದ್. ನಿಮಗೆ ಗೊತ್ತು."

"ನಾಲ್ಕೈದು ತಿಂಗಳಲ್ಲಿ ಇಂಜೆಕ್ಷನ್ ಇಳಿಯುತ್ತೆ. ಕಾಯಿ."

"ಅಗಸೆ ಹೊಲದ ನಡುವೆ ಆ ದೃಶ್ಯ. ಹೂ ಬಿಡೋದು ಜೂನ್‌ನಲ್ಲಿ, ಅದೂ ಎರಡು ವಾರ. ಹೂವು ನನ್ನ ಮಾತು ಕೇಳುತ್ತಾ?" ಅವನ ಕಣ್ಣೂ ಒದ್ದೆಯಾಗಿತ್ತು. "ನೀವೇ ಹೇಳಿಬಿಡಿ. ನನ್ನ ಕೈಲಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಚೆನ್ನಾಗಿ ಬರುತ್ತದೆ, ಅದೇ ನನ್ನ ಅನ್ನ. ಆವತ್ತು ಬೇಡವೆನಿಸಿತು. ಫೈಲಿನಿಂದ ಫೋಟೊ ತೆಗೆದು ನೊಯೆಮಿಯ ಮುಂದಿಟ್ಟೆ.

"ನಿನ್ನ ಕರೆಸಿದ್ದೇ ಇದನ್ನ ನೋಡಿ," ಅಂದೆ.

ಬಹಳ ಹೊತ್ತು ನೋಡಿದಳು. "ಇದೇ ಬೇಕಿತ್ತಾ ಅವನಿಗೆ?"

"ಹೂಂ."

"ನಿಂಗೆ ಗೊತ್ತಿತ್ತಾ?"

"ಮೊದಲೇ ಹೇಳೋ ಹಾಗಿಲ್ಲ ನಮ್ಮಲ್ಲಿ."

"ಹೌದಲ್ವಾ. ಹಣೆ ಚೆನ್ನಾಗಿದೆ ಅಂತ ಹೇಳೋ ಹಾಗಿಲ್ಲ. ಚೆನ್ನಾಗಿಲ್ಲ ಅಂತ ಹೇಳಬಹುದು."

ತಪ್ಪಾಯ್ತು ಅಂದೆ, ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವಳು ಮೇಜಿನ ಮೇಲಿದ್ದ ಅಂಗಿಯನ್ನು ಎತ್ತಿಕೊಂಡು, ತೋಳು ಒಳಗೆ ಹಾಕಿ, ತನ್ನ ತಾಯಿ ಮಡಚುತ್ತಿದ್ದ ಹಾಗೆ ನಾಲ್ಕು ಮಡಿಕೆ ಮಡಚಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸಿಟ್ಟೋ, ದುಃಖವೋ, ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಏನಾದರೊಂದು ಕಾಣಲಿ ಎಂದು ಹುಡುಕಿದೆ. ಮುಖ ಓದುವುದೇ ನನ್ನ ಕಸುಬು. ಏನೂ ಕಾಣಲಿಲ್ಲ.

ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಳು.

"ಹಂಗೆ ನೋಡ್ಬೇಡ ಯೋಲಾಂದ್," ಅಂದಳು. "ಒಳಗೆಲ್ಲ ಇದೆ ಕಣೇ. ಹೊರಗೆ ಬರ್ತಿಲ್ಲ, ಅಷ್ಟೇ."