ಗಂಡನ ಪಾತ್ರ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕನ್ನಡಕದಣ್ಣ ಅಂತಲೇ ಕರೆಯುತ್ತಿದ್ದರು. ಗ್ರಂಥಾಲಯದ ಎದುರಿಗೇ ಅವನ ಪುಟ್ಟ ಅಂಗಡಿ. ಸಡಿಲವಾದ ಕಡ್ಡಿಗೆ ಸ್ಕ್ರೂ ಬಿಗಿಯುತ್ತ, ಲೆನ್ಸಿನ ಅಂಚು ಉಜ್ಜುತ್ತ, ಬಂದ ಗಿರಾಕಿಯನ್ನು ಪುಸ್ತಕದ ಮಾತಿಗೆ ಎಳೆಯುವುದು ಅವನಿಗೊಂದು ಚಟ. ಕನ್ನಡಕ ರಿಪೇರಿಗೆ ಬಂದವರು ಕಾದಂಬರಿಯೊಂದರ ಕಥೆ ಪೂರ್ತಿ ಕೇಳಿಸಿಕೊಂಡು ಹೋಗುತ್ತಿದ್ದರು. ಕನ್ನಡಕ ಮಾತ್ರ ಇನ್ನೂ ಅವನ ಕೈಯಲ್ಲೇ ಇರುತ್ತಿತ್ತು.

ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಓದುಗರ ಕೂಟ ಸೇರುತ್ತಿತ್ತು. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಹರಟುವುದು. ಆ ತಿಂಗಳ ಪುಸ್ತಕ ಒಂದು ಸೈಕಲಾಜಿಕಲ್ ಥ್ರಿಲ್ಲರ್. ಅದರಲ್ಲಿ ಒಬ್ಬ ಗಂಡ ತನ್ನ ಹೆಂಡತಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಅವಳನ್ನೇ ನಂಬಿಸುತ್ತಾನೆ. ಅವಳು ಇಟ್ಟ ವಸ್ತುವನ್ನು ಇನ್ನೊಂದು ಕಡೆ ಇಡುತ್ತಾನೆ, ಆಡದ ಮಾತನ್ನು ಆಡಿದೆ ಅನ್ನುತ್ತಾನೆ. ಕೊನೆಗೆ ಅವಳು ತನ್ನ ಕಣ್ಣನ್ನೇ ನಂಬದ ಸ್ಥಿತಿಗೆ ಬರುತ್ತಾಳೆ. ಆಮೇಲೊಂದು ಕೊಲೆಯೂ ಆಗುತ್ತದೆ.

ಕನ್ನಡಕದಣ್ಣನಿಗೆ ಪುಸ್ತಕ ಹಿಡಿಸಿರಲಿಲ್ಲ. ಓದಿ ಮುಗಿಸಿ ಮೇಜಿನ ಮೇಲೆ ಬಿಸಾಡಿದ್ದ. ಅದನ್ನು ಅವನ ಹೆಂಡತಿ ಎತ್ತಿಕೊಂಡಳು. ಪುಸ್ತಕದ ಕಡೆ ಅಷ್ಟಾಗಿ ತಲೆಹಾಕದವಳು ಎಂಜಲು ತಟ್ಟೆಗಳನ್ನು ಹಾಗೇ ಬಿಟ್ಟು ಓದುತ್ತ ಕೂತಿದ್ದನ್ನು ಕಂಡು ಅವನಿಗೆ ನಗು ಬಂತು.

"ಈ ಸಲ ನಾನೂ ಬರ್ಲಾ ಕೂಟಕ್ಕೆ?" ಎಂದು ಅವಳು ಶನಿವಾರ ಕೇಳಿದಳು.

"ಬಾ, ಅದಕ್ಕೇನು. ಆದ್ರೆ ಅಲ್ಲಿ ಎಲ್ಲರೂ ತುಂಬಾ ಓದ್ಕೊಂಡೋರು. ಯಾವುದೋ ಕಥೇನ ಯಾವುದಕ್ಕೋ ಸೇರಿಸಿ ಮಾತಾಡ್ಬೇಡ."

"ಬಾಯೇ ಬಿಡಲ್ಲ, ಬಿಡಿ."

ಅವನು ಹಾಗೆ ಹೇಳಿದ್ದಕ್ಕೆ ಅವಳಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. ಅವಳ ಮರೆವು ಆ ಮನೆಯಲ್ಲಿ ಹಳೆಯ ತಮಾಷೆ. "ಅಮ್ಮನಿಗೆ ಏನಾದ್ರೂ ಹೇಳೋದಾದ್ರೆ ಪಕ್ಕದಲ್ಲೊಬ್ಬ ಸಾಕ್ಷಿ ಬೇಕು" ಎಂದು ಮಗಳು ಕಿಚಾಯಿಸುತ್ತಿದ್ದಳು. ಅವಳೂ ಜೊತೆಗೆ ನಗುತ್ತಿದ್ದಳು. ಹಿಂದೆ ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ವೈದ್ಯರ ಕೋಳಿಕಾಲು ಅಕ್ಷರವನ್ನು ಒಂದೇ ನೋಟಕ್ಕೆ ಓದಿಬಿಡುತ್ತಾಳೆ ಎಂದು ಅಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ತನ್ನ ತಲೆಯನ್ನು ತಾನೇ ನಂಬದ ಮೇಲೆ ಆ ಕೆಲಸ ಬಿಟ್ಟಳು. ಯಾರಿಗೋ ಯಾವುದೋ ಮಾತ್ರೆ ಕೊಟ್ಟು ಜೀವಕ್ಕೆ ಕುತ್ತು ತಂದರೆ ಎಂಬ ಹೆದರಿಕೆ ಅವಳಿಗೆ.

ಭಾನುವಾರ ಕೂಟದಲ್ಲಿ ಅಭಿಪ್ರಾಯಗಳು ದಿಕ್ಕಿಗೊಂದರಂತೆ ಬಂದವು. ಗ್ರಂಥಪಾಲಕಿ ಪುಸ್ತಕ ಕೆಳಗಿಡಲು ಆಗಲೇ ಇಲ್ಲ ಅಂದಳು. ಒಲೆಯ ಮೇಲಿದ್ದ ಹಾಲು ಸೀದು ಪಾತ್ರೆ ಕರ್ರಗಾಗಿತ್ತಂತೆ. ನಿವೃತ್ತ ಗಣಿತ ಮೇಷ್ಟ್ರು ಮೂಗು ಮುರಿದರು. ನಡುವಿನ ಭಾಗ ಬರೀ ಎಳೆತ, ಕೊಲೆಗಾರ ಯಾರೆಂದು ತಮಗೆ ಮೊದಲೇ ಗೊತ್ತಾಯಿತು, ಲೇಖಕರು ತಮ್ಮನ್ನು ಒಂದು ಮಾತು ಕೇಳಿದ್ದರೆ ಅರ್ಧ ಪುಸ್ತಕ ಉಳಿಯುತ್ತಿತ್ತು ಎಂದರು. ಹಲ್ಲಿನ ಡಾಕ್ಟರಮ್ಮನಿಗೆ ಕೊನೆ ಇಷ್ಟವಾಗಿರಲಿಲ್ಲ, ಗಂಡನ ಪಾತ್ರ ಮಾತ್ರ ವಿಪರೀತ ಇಷ್ಟ. "ಎಷ್ಟು ನಯವಾಗಿ ಮಾತಾಡ್ತಾನೆ ರೀ! ನನಗೇ ಅವನ ಮಾತು ನಿಜ ಅನ್ನಿಸಿಬಿಡ್ತು" ಅಂದರು.

ಕನ್ನಡಕದಣ್ಣ ತನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡ. "ನನಗೆ ನಂಬೋಕೇ ಆಗ್ಲಿಲ್ಲ. ಯಾರೋ ಒಬ್ಬ ನೀನು ಮರೆತೆ ಅಂದ್ರೆ, ಇವಳು ಹೌದು ಮರೆತೆ ಅಂತಾಳಾ? ಅಂಥ ಪೆದ್ದಿ ಎಲ್ಲಿರ್ತಾಳೆ? ಹೆಂಡತಿ ಪಾತ್ರಕ್ಕೆ ಸ್ವಲ್ಪ ಮಿದುಳು ಇಟ್ಟಿದ್ರೆ ಕಥೆ ಮೊದಲನೇ ಅಧ್ಯಾಯಕ್ಕೇ ಮುಗೀತಿತ್ತು."

ಮೇಷ್ಟ್ರು ತಲೆದೂಗಿದರು. ಆಗ ಅವನ ಹೆಂಡತಿ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದಳು.

"ಪೆದ್ದಿ ಅಂತ ನನಗನ್ನಿಸ್ಲಿಲ್ಲ" ಅಂದಳು. ದನಿ ಸಣ್ಣಗಿತ್ತು. "ದೊಡ್ಡ ಸುಳ್ಳಾದ್ರೆ ಯಾರೂ ನಂಬಲ್ಲ. ಇದು ಚಿಕ್ಕದು. ಈಗ ನೋಡಿ, ಗಂಡನಿಗೆ ಒಂದು ಫೋನ್ ಬರುತ್ತೆ. ಹೆಂಡತಿಗೆ ಹೇಳೋದನ್ನ ಮರೀತಾನೆ. ಮಾರನೇ ದಿನ, ನಿನ್ನೆ ಸಂಜೆನೇ ಹೇಳಿದ್ದೆನಲ್ಲ, ನೀನು ಪಾತ್ರೆ ತೊಳೀತಾ ಹೂಂ ಅಂದೆ, ಅಂತಾನೆ. ಅವಳು ದಿನಕ್ಕೆ ಎಷ್ಟೋ ಸಲ ಹೂಂ ಅಂದಿರ್ತಾಳೆ. ಇದಕ್ಕೂ ಅಂದಿದ್ದೆನೇನೋ ಅಂದ್ಕೊಳ್ತಾಳೆ. ಅಷ್ಟೇ. ಆಮೇಲೆ ಅವನು ಏನು ಹೇಳಿದ್ರೂ ನಂಬ್ತಾಳೆ."

ಮೇಷ್ಟ್ರು ಪುಟ ಮಗುಚತೊಡಗಿದರು. "ಯಾವ ಅಧ್ಯಾಯ ತಾಯಿ ಇದು? ಫೋನಿನ ಪ್ರಸಂಗ ಈ ಪುಸ್ತಕದಲ್ಲೇ ಇಲ್ವಲ್ಲ!"

ಇರಲಿಲ್ಲ. ಅದು ಎಲ್ಲಿಯದೆಂದು ಕನ್ನಡಕದಣ್ಣನಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಔಷಧಿ ಅಂಗಡಿಯಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ಫೋನು ಮುಟ್ಟುವಂತಿರಲಿಲ್ಲ. ಅದಕ್ಕೇ ಅವಳ ತಮ್ಮ ಭಾವನಿಗೆ ಫೋನು ಮಾಡಿದ್ದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಏನಿಲ್ಲ, ಆದರೆ ಅಕ್ಕನನ್ನು ಕೇಳುತ್ತಿದ್ದಾಳೆ, ಇವತ್ತೇ ಬರಲಿ ಎಂದಿದ್ದ. ಕನ್ನಡಕದಣ್ಣ ಆಯಿತು ಅಂದ. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು, ಮಾತು ಬೆಳೆಯಿತು, ಸಂಜೆ ಮನೆಗೆ ಹೋಗುವ ಹೊತ್ತಿಗೆ ವಿಷಯ ತಲೆಯಿಂದ ಹಾರಿಹೋಗಿತ್ತು. ಮರುದಿನ ಮಧ್ಯಾಹ್ನ ಸಾವಿನ ಸುದ್ದಿಯೇ ಬಂತು. ಹೆಂಡತಿ ಬಿಳಿಚಿಕೊಂಡು ನಿಂತಿದ್ದಾಗ, ಅವನ ಬಾಯಿಂದ ತಾನಾಗಿ ಬಂದ ಮಾತು, "ನಿನ್ನೆ ಸಂಜೆನೇ ಹೇಳಿದ್ದೆನಲ್ಲ? ನೀನು ಪಾತ್ರೆ ತೊಳೀತಾ ಹೂಂ ಅಂದೆ."

ಅವಳು ಅದನ್ನು ನಂಬಿದಳು. ಹೆತ್ತ ತಾಯಿ ಕರೆದದ್ದನ್ನೇ ಮರೆತವಳು ಎಂದು ತನ್ನನ್ನು ತಾನೇ ಶಪಿಸಿಕೊಂಡಳು. ತಮ್ಮನೂ ನಂಬಿದ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಸತ್ಯ ಹೇಳಬೇಕೆಂದು ಕನ್ನಡಕದಣ್ಣ ಮೊದಮೊದಲು ಒದ್ದಾಡಿದ. ಆಮೇಲೆ ಒದ್ದಾಟ ಕಮ್ಮಿಯಾಯಿತು. ಅದಾದ ಮೇಲೆ ಮನೆಗೆ ಬೀಗ ಹಾಕದೆ ಬಂದಾಗ, ಕರೆಂಟಿನವರು ಬರುತ್ತಾರೆಂದು ತಿಳಿಸಲು ಮರೆತಾಗ, ಅದೇ ಮಾತು ಕೈಗೆಟುಕುವಂತೆ ಇತ್ತು. ಹೇಳಿದ್ದೆನಲ್ಲ.

ಈಗ ಎಲ್ಲರೂ ಅವಳತ್ತ ನೋಡುತ್ತಿದ್ದರು. ಅವಳು ಅವನತ್ತ ನೋಡುತ್ತಿದ್ದಳು. ಸುಮ್ಮನಿದ್ದಿದ್ದರೂ ಸಾಕಿತ್ತು. ಅವನು ನಕ್ಕ.

"ಅವಳ ಮಾತು ಬಿಡಿ ಮೇಷ್ಟ್ರೇ. ಓದೋದು ಒಂದು, ನೆನಪಿರೋದು ಇನ್ನೊಂದು. ಅವಳಿಗೆ ಸ್ವಲ್ಪ ಮರೆವು."

ಹಲ್ಲಿನ ಡಾಕ್ಟರಮ್ಮ ಚಪ್ಪಾಳೆ ತಟ್ಟಿಬಿಟ್ಟರು. "ಅಯ್ಯೋ, ಇದೇ! ಪುಸ್ತಕದಲ್ಲಿ ನೆಂಟರ ಮುಂದೆ ಆ ಗಂಡ ಇದನ್ನೇ ಹೇಳೋದು! ಕನ್ನಡಕದಣ್ಣ, ನೀವು ಅವನ ಪಾತ್ರ ಎಷ್ಟು ಚೆನ್ನಾಗಿ ಮಾಡಿದ್ರಿ!"

ಕೋಣೆಯೆಲ್ಲ ನಕ್ಕಿತು. ಗ್ರಂಥಪಾಲಕಿ ಕಣ್ಣೊರೆಸಿಕೊಂಡಳು. ಮೇಷ್ಟ್ರು ಕೂಡ ನಕ್ಕರು. ಅವರು ಯಾರಿಗೂ ಏನೂ ಗೊತ್ತಿರಲಿಲ್ಲ, ನಿಜವಾಗಿಯೂ ಖುಷಿಗೆ ನಕ್ಕಿದ್ದರು. ಕನ್ನಡಕದಣ್ಣನ ಮುಖದ ಮೇಲಿನ ನಗು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಂಡಿತು. ಮಡಿಲಲ್ಲಿದ್ದ ಪುಸ್ತಕ ಹಿಡಿಯಲು ಹೋಗಿ ಬೀಳಿಸಿದ. ಬಗ್ಗಿ ಎತ್ತಿಕೊಳ್ಳುವ ನೆಪದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ. ಅಲ್ಲಿಂದ ಹೆಂಡತಿಯ ಚಪ್ಪಲಿ ಕಾಣುತ್ತಿತ್ತು. ಕಾಲನ್ನು ಒಳಗೆಳೆದುಕೊಂಡು ಕೂತಿದ್ದಳು, ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯ ಹಾಗೆ.

ಕೂಟ ಮುಗಿದ ಮೇಲೆ ಅವಳು ಅವನಿಗಿಂತ ಮುಂದಾಗಿ ಮೆಟ್ಟಿಲಿಳಿದು ಬೀದಿಗೆ ಬಂದಳು. ಅವನ ಅಂಗಡಿ ಮುಚ್ಚಿತ್ತು. ಅದರ ಮುಂದೆ ನಿಂತಳು.

"ರೀ, ಅವತ್ತು ನನಗೆ ಹೇಳಿದ್ರಾ ನೀವು?"

ಯಾವತ್ತು ಎಂದು ಕೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡ.

"ಇಲ್ಲ."

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ.

"ಪುಸ್ತಕ ಓದ್ತಾ ಓದ್ತಾ ಅನುಮಾನ ಬಂತು. ಛೇ, ನನ್ನದೇ ಕೊಳಕು ಬುದ್ಧಿ ಅಂತ ಬೈಕೊಂಡೆ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ನನಗೇ ನಾಚಿಕೆ ಆಗಿತ್ತು, ಗೊತ್ತಾ?" ಅವನತ್ತ ತಲೆಯೆತ್ತಿ, "ನಾನು ಹೂಂ ಅಂದೆ ಅಂದ್ರಲ್ಲ. ಆ ಹೂಂ ಎಲ್ಲಿಂದ ತಂದ್ರಿ?" ಎಂದು ಕೇಳಿದಳು.

"ಬಾಯಿಗೆ ಬಂತು."

"ಇವತ್ತೂ ಬಾಯಿಗೆ ಬಂತಾ? ಅಷ್ಟು ಜನರ ಮುಂದೆ?"

ದಾರಿಹೋಕರೊಬ್ಬರು "ಏನಣ್ಣ, ಇವತ್ತು ಅಂಗಡಿ ಇಲ್ವಾ?" ಎಂದು ಕೇಳಿಕೊಂಡು ಹೋದರು. ಅಭ್ಯಾಸಬಲದಿಂದ ಅವರತ್ತ ಕೈಯೆತ್ತಿ ನಕ್ಕ. ಆ ನಗುವನ್ನು ಹೆಂಡತಿ ನೋಡಿದಳು ಎಂದು ತಿಳಿದಾಗ ಅಲ್ಲಿಯೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನನ್ನ ತಮ್ಮನಿಗೆ ಫೋನ್ ಮಾಡಿ" ಅಂದಳು. "ಈಗ. ನಾನಿಲ್ಲೇ ಕೂತಿರ್ತೀನಿ."

ಮಾಡಿದ. ಆ ಕಡೆಯಿಂದ ಹಲೋ ಎಂದ ಕೂಡಲೇ ಅವನಿಗೆ ಪೀಠಿಕೆ ಹಾಕುವ ಚಪಲ. "ನೋಡಪ್ಪಾ, ಆ ದಿನ ಅಂಗಡೀಲಿ ಜನ ಜಾಸ್ತಿ ಇದ್ರು..." ಎಂದು ಶುರುಮಾಡಿ ಹೆಂಡತಿಯ ಮುಖ ನೋಡಿ ನಿಲ್ಲಿಸಿದ. "ನಾನು ನಿಮ್ಮಕ್ಕನಿಗೆ ಹೇಳಿರ್ಲಿಲ್ಲ. ಮರೆತಿದ್ದೆ. ಹೇಳಿದ್ದೆ ಅಂತ ಸುಳ್ಳು ಹೇಳ್ದೆ."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಭಾವಮೈದ ಕೇಳಿದ್ದು ಒಂದೇ. "ಅಕ್ಕ ಇದ್ದಾಳಾ ಅಲ್ಲಿ? ಅವಳಿಗೆ ಕೊಡಿ."

ಅವಳು ಫೋನನ್ನು ಕಿವಿಗೊತ್ತಿಕೊಂಡು ಎದ್ದು ನಡೆದಳು. "ಹೂಂ ಕಣೋ... ಇಲ್ಲ ಕಣೋ... ನನಗೆ ಗೊತ್ತೇ ಇರ್ಲಿಲ್ಲ ಕಣೋ..." ಎನ್ನುತ್ತ ಬೀದಿಯ ಕೊನೆಯವರೆಗೂ ಹೋದಳು. ಅಲ್ಲಿ ಅವಳ ಭುಜ ಅಲುಗುವುದು ಇಲ್ಲಿಗೂ ಕಾಣಿಸಿತು. ಹತ್ತಿರ ಹೋಗುವ ಧೈರ್ಯ ಅವನಿಗಾಗಲಿಲ್ಲ. ಅವಳ ಕೈಚೀಲ ಹಿಡಿದುಕೊಂಡು ಅಂಗಡಿಯ ಮುಂದೆಯೇ ನಿಂತಿದ್ದ.

ಮಧ್ಯಾಹ್ನ ಮಗಳ ಮುಂದೆಯೂ ಹೇಳಬೇಕಾಯಿತು. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದ. ಕೂಗಾಡಲಿಲ್ಲ. "ನಾನೂ ನಗ್ತಿದ್ದೆನಲ್ಲಪ್ಪಾ ಅಮ್ಮನ್ನ ನೋಡಿ. ನನ್ನ ಕೈಲೂ ಮಾಡಿಸಿಬಿಟ್ರಲ್ಲ" ಅಂದು ಅಡುಗೆಮನೆಗೆ ಹೋಗಿ ಅಮ್ಮನ ಬೆನ್ನಿಗೆ ಮುಖ ಒತ್ತಿಕೊಂಡು ನಿಂತಳು.

ಸಂಜೆಯ ಬಸ್ಸಿಗೆ ಹೆಂಡತಿ ತಮ್ಮನ ಮನೆಗೆ ಹೊರಟಳು. ಯಾವಾಗ ಬರುತ್ತೀಯ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಅವಳಿಲ್ಲದ ಆ ದಿನಗಳಲ್ಲಿ ಗಣಿತ ಮೇಷ್ಟ್ರು ಅಂಗಡಿಗೆ ಬಂದರು. ಕನ್ನಡಕದ ಮೂಗಿನ ಪ್ಯಾಡು ಕಿತ್ತುಬಂದಿತ್ತು. ಪುಸ್ತಕದ ಜಗಳ ಅವರಲ್ಲಿ ಇನ್ನೂ ಆರಿರಲಿಲ್ಲ. "ನೀವೊಬ್ಬರೇ ಸರಿಯಾಗಿ ಹೇಳಿದ್ದು ನೋಡಿ. ಅಂಥ ಹೆಂಡತಿ ಎಲ್ಲಿರ್ತಾಳೆ? ಗ್ರಂಥಪಾಲಕಿ ಎಲ್ಲರ ಅಭಿಪ್ರಾಯ ಬೋರ್ಡಿಗೆ ಹಾಕ್ತಾರಂತೆ. ನಿಮ್ಮದನ್ನೂ ಬರೆದುಕೊಡಿ."

ಕನ್ನಡಕದಣ್ಣ ಹೊಸ ಪ್ಯಾಡು ಕೂರಿಸುತ್ತಿದ್ದ. ಸ್ಕ್ರೂ ಡ್ರೈವರ್ ಕೆಳಗಿಟ್ಟ. "ನಾನು ಹೇಳಿದ್ದು ತಪ್ಪು ಮೇಷ್ಟ್ರೇ."

"ತಪ್ಪಾ? ಅದು ಹೇಗೆ?"

"ಆ ಫೋನಿನ ಪ್ರಸಂಗ ನಡೆದದ್ದು ನಮ್ಮ ಮನೇಲಿ. ಮರೆತೋನು ನಾನು. ಅವಳಲ್ಲ."

ಮೇಷ್ಟ್ರು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಅವನನ್ನೇ ನೋಡಿದರು. ಕನ್ನಡಕ ಹಾಕಿಕೊಂಡ ಮೇಲೆ ಅವನ ಮುಖ ನೋಡದೆ, ಗಾಜಿನ ಕಪಾಟಿನತ್ತ ನೋಡುತ್ತ, "ಅವತ್ತು ನಾನೂ ನಕ್ಕೆ" ಎಂದು ಹೊರಟುಹೋದರು. ಎಂದೂ ಬೇಗ ಕಾಲ್ತೆಗೆಯದ ಮನುಷ್ಯ.

ಹೆಂಡತಿ ಬಂದದ್ದು ತಿಂಗಳು ಕಳೆದ ಮೇಲೆ. ಅವಳ ತಮ್ಮ ಬ್ಯಾಗು ಹೊತ್ತು ಬಾಗಿಲವರೆಗೆ ಬಂದ, ಒಳಗೆ ಬರಲಿಲ್ಲ. ಕನ್ನಡಕದಣ್ಣ "ಬಾಪ್ಪಾ, ಟೀ ಕುಡಿದು ಹೋಗು" ಅಂದದ್ದಕ್ಕೆ, "ಇನ್ನೊಂದು ಸಲ, ಭಾವ" ಎಂದು ಅವಳತ್ತ ತಿರುಗಿ, "ತಲುಪಿದ್ದೀನಿ ಅಂತ ಫೋನ್ ಮಾಡ್ತೀನಕ್ಕ" ಅಂದು ಇಳಿದು ಹೋದ.

ಅವಳು ನೀರು ಕುಡಿದು ಕೂತಳು. ಸ್ವಲ್ಪ ತೂಕ ಇಳಿದಿದ್ದಳು. ಮುಖ ತಿಳಿಯಾಗಿತ್ತು.

"ಹಳೇ ಔಷಧಿ ಅಂಗಡಿಯವರ ಹತ್ರ ಮಾತಾಡಿದೀನಿ. ನನ್ನ ಜಾಗದಲ್ಲಿ ಬೇರೆಯವರಿದ್ದಾರೆ. ಸದ್ಯಕ್ಕೆ ಬೆಳಗಿನ ಹೊತ್ತು ಮಾತ್ರ ಬನ್ನಿ ಅಂದ್ರು. ನಾಳೆಯಿಂದ ಹೋಗ್ತೀನಿ."

"ಒಳ್ಳೇದಾಯ್ತು."

"ಹೆದರಿಕೆ ಇನ್ನೂ ಇದೆ. ಚೀಟಿ ನೋಡಿದ್ರೆ ಕೈ ತಣ್ಣಗಾಗುತ್ತೆ. ಅದು ನಿಮ್ಮ ಒಂದು ಮಾತಿಗೆ ಹೋಗಲ್ಲ." ಲೋಟ ಕೆಳಗಿಟ್ಟಳು. "ಮಗಳ ರೂಮಿನಲ್ಲಿ ಮಲಗ್ತೀನಿ. ಎಷ್ಟು ದಿನ ಅಂತ ಕೇಳ್ಬೇಡಿ. ನನಗೂ ಗೊತ್ತಿಲ್ಲ."

"ಕೇಳಲ್ಲ" ಅಂದ.

ಮಗಳ ಕೋಣೆಯ ಇನ್ನೊಂದು ಮಂಚದ ಮೇಲೆ ಇಸ್ತ್ರಿಯ ಬಟ್ಟೆ, ಹಳೆಯ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಅವನು ಎದ್ದು ಅವನ್ನು ಒಂದೊಂದಾಗಿ ಹೊರಗೆ ಸಾಗಿಸತೊಡಗಿದ. ಸಹಾಯಕ್ಕೆ ಅವಳು ಏಳಲಿಲ್ಲ, ಅವನೂ ಕರೆಯಲಿಲ್ಲ. ಹಾಸಿಗೆ ಕೊಡವಿ, ದಿಂಬಿಗೆ ಹೊಸ ಕವರು ಹಾಕಿ, ಕಿಟಕಿ ತೆರೆದಿಟ್ಟು, ಅವಳು ಬಾಗಿಲಿಗೆ ಬರುವ ಮುಂಚೆಯೇ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದ.