ಫ್ರೆಂಚಿನ ಏಕವಚನ

ಹುದಿಕೇರಿ ಹತ್ತಿರದ ರೆಸಾರ್ಟಿನ ಅಡುಗೆಮನೆಗೆ ಶಾಂಭವಿ ಸೇರಿ ಮೂರು ತಿಂಗಳಾಗಿತ್ತು. ಶನಿವಾರಸಂತೆ ಕಡೆಯವಳು, ವಯಸ್ಸು ಐವತ್ತರ ಹತ್ತಿರ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಅವಳ ಕೆಲಸ. ಷೆಫ್ ಶಿಶಿರ್ ಮಡಿಕೇರಿಯ ಮೇಷ್ಟ್ರೊಬ್ಬರ ಮಗ, ಪಾಂಡಿಚೇರಿಯಲ್ಲಿ ಅಡುಗೆ ಕಲಿತು ಬಂದವನು. ಒಲೆ ಮುಂದೆ ನಿಂತನೆಂದರೆ ಅವನ ಬಾಯಲ್ಲಿ ಬರೀ ಫ್ರೆಂಚ್. 'ಲಾವ್' ಅಂದರೆ ತೊಳೆಯಬೇಕು, 'ಕೂಪ್' ಅಂದರೆ ಹೆಚ್ಚಬೇಕು. ಕೈಸನ್ನೆ ನೋಡಿ ನೋಡಿ ಶಾಂಭವಿ ಅಷ್ಟನ್ನು ಕಲಿತಿದ್ದಳು. ಅವಳೇನಾದರೂ ಕೇಳಿದರೆ ಅವನು 'ತೇ ತ್ವಾ' ಅನ್ನುತ್ತಿದ್ದ. 'ಆಯ್ತು ಬಿಡಿ' ಅಂತಿರಬೇಕು ಎಂದುಕೊಂಡು ಅವಳು ನಕ್ಕು ತಲೆಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ರಿಸೆಪ್ಷನ್ನಿನ ವಿಭಾ ಕಾಫಿಗೆಂದು ಬಂದಳು. ವಿದೇಶಿ ಗೆಸ್ಟುಗಳಿಗಾಗಿ ಪುಸ್ತಕ ಇಟ್ಟುಕೊಂಡು ಫ್ರೆಂಚ್ ಕಲಿಯುತ್ತಿದ್ದ ಹುಡುಗಿ.

"ತೇ ತ್ವಾ ಅಂದ್ರೆ ಏನು ವಿಭಾ?"

ವಿಭಾಳ ಮುಖ ಸಣ್ಣದಾಯಿತು. "ಯಾರಂದ್ರು ಅಕ್ಕ? ಅದು... ಬಾಯ್ಮುಚ್ಚು ಅಂತ."

"ಮುಚ್ಚಿ ಅಂತಲೋ, ಮುಚ್ಚು ಅಂತಲೋ?"

"ಮುಚ್ಚು ಅಂತ. ಅವರಲ್ಲೂ ನಮ್ಮ ಹಾಗೇ ಏಕವಚನ, ಬಹುವಚನ ಉಂಟು. ಲಾವ್ ಅಂದ್ರೆ ತೊಳಿ. ಮರ್ಯಾದೆ ಕೊಡ್ಬೇಕಾದ್ರೆ ಕೊನೇಲಿ ಒಂದು ಏ ಸೇರಿಸ್ಬೇಕು. ಲಾವೇ, ತೊಳೀರಿ."

ಶಾಂಭವಿಯ ಮೈ ಉರಿದುಹೋಯಿತು. ಕನ್ನಡದಲ್ಲಿ ಅಂದಿದ್ದರೆ ಅಂದೇ ಅವನ ನೀರಿಳಿಸುತ್ತಿದ್ದಳು. ಅದಕ್ಕೇ ಅಲ್ಲವೇ ಅವನು ಕನ್ನಡದಲ್ಲಿ ಅನ್ನದೆ ಇದ್ದದ್ದು! ಮೂರು ತಿಂಗಳು ಆ ಮಾತಿಗೆ ಹಲ್ಲುಬಿಟ್ಟು ನಕ್ಕೆನಲ್ಲ ಎನ್ನುವುದೇ ಅವಳನ್ನು ಹೆಚ್ಚು ಸುಟ್ಟಿತು.

ಹನ್ನೊಂದರ ಹೊತ್ತಿಗೆ ಶಿಶಿರ್ ಒಂದು ಬಾಣಲೆಯನ್ನು ಅವಳತ್ತ ತಳ್ಳಿದ. "ಲಾವ್!"

ಶಾಂಭವಿ ಚಾಕು ಕೆಳಗಿಟ್ಟಳು. "ಲಾವೇ ಅನ್ನಿ."

"ಏನು?"

"ನಿಮ್ಮ ಅಮ್ಮನ ವಯಸ್ಸು ನಂದು. ಲಾವೇ ಅನ್ನಿ, ತೊಳೀತೀನಿ."

ಅವನು ನಕ್ಕ. "ಕಿಚನ್ನಲ್ಲಿ ಎಲ್ಲರಿಗೂ ಹೀಗೇ. ಅದಕ್ಕೆಲ್ಲ ಟೈಮಿಲ್ಲ."

"ಗೆಸ್ಟ್ ಬಂದ್ರೆ ಬಗ್ಗಿ 'ಆಸೆಯೇ ವೂ', ಕೂತ್ಕೊಳ್ಳಿ ಅಂತ ಕುರ್ಚಿ ಎಳೀತೀರಲ್ಲ, ಅದಕ್ಕೆ ಟೈಮಿದ್ಯಾ?"

"ತೇ ತ್ವಾ!" ಎಂದು ಅವನು ಕಿರುಚಿದ.

ಶಾಂಭವಿ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಅನ್ನ ಬಸಿಯುತ್ತಿದ್ದ ಜೊತೆಕೆಲಸದ ಮುದ್ದಿಯೂ ಸೌಟು ಇಟ್ಟು ಎದ್ದು ಬಂದಳು. "ನಂಗೂ ದಿನಾ ಅಂತಾನೆ ಅಕ್ಕ. ನಂಗೇನು ಗೊತ್ತು," ಎಂದಳು.

ಊಟ ಮುಕ್ಕಾಲು ಗಂಟೆ ತಡವಾಯಿತು. ಮ್ಯಾನೇಜರ್ ಓಡಿ ಬಂದರು. ಶಾಂಭವಿ ಎಲ್ಲವನ್ನೂ ಹೇಳಿದಳು. ಅರ್ಥ ಬಿಡಿಸಿ ಹೇಳಲು ವಿಭಾಳನ್ನೇ ಕರೆಸಿದಳು. ಸಂಜೆ ಶಿಶಿರ್ ನೆಲ ನೋಡುತ್ತ ಸಾರಿ ಅಂದ.

ಮರುದಿನದಿಂದ ಫ್ರೆಂಚ್ ನಿಂತಿತು. ಆದರೆ ಬಹುವಚನಕ್ಕೂ ಅವನ ನಾಲಿಗೆ ಏಳಲಿಲ್ಲ. "ಈರುಳ್ಳಿ," ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದ. ಶಾಂಭವಿ ಬಿಡಲಿಲ್ಲ. "ಈರುಳ್ಳಿ ಏನ್ಮಾಡ್ಲಿ?" ಎಂದು ಪ್ರತಿಸಲವೂ ಕೈಕಟ್ಟಿ ನಿಂತಳು.

ಮೂರನೆಯ ದಿನ ಅವನು ಹಲ್ಲು ಕಚ್ಚಿಕೊಂಡು ಅಂದ: "ಹೆಚ್ಚಿ."

ಅವಳು ಹೆಚ್ಚತೊಡಗಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.