ಭಟ್ಕಳದ ಫೋಟೋ

ಶ್ರೀಗೌರಿ ಕುಮಟಾದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಟೀಚರು. ಹೊಳನಗದ್ದೆಯ ಮನೆಯಲ್ಲಿ ಹೆತ್ತ ಆಯಿ, ಅಣ್ಣ ಶಿಶಿರ, ಅವಳು, ಮೂವರೇ. ಶಿಶಿರ ಜಗುಲಿ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹೋಮ್‌ಸ್ಟೇಗಳಿಗೆ, ಹೋಟೆಲುಗಳಿಗೆ ಜಾಹೀರಾತು ಮಾಡಿಕೊಡುತ್ತಿದ್ದ. ಈಚೆಗೆ ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟಿದ್ದ. ಏನು ಬೇಕೆಂದು ಬರೆದರೆ ಸಾಕು, ಎಐ ಚಿತ್ರ ಮಾಡಿಕೊಡುತ್ತಿತ್ತು. ಆದರೆ ಗಿರಾಕಿಗಳು ಗೊಣಗತೊಡಗಿದ್ದರು, ಇದು ಕಂಪ್ಯೂಟರಿನ ಚಿತ್ರ ಅಂತ ಯಾರಿಗಾದರೂ ಗೊತ್ತಾಗುತ್ತದೆ ಎಂದು. ಒಂದು ಸಂಜೆ ಅವನು ತಂಗಿಯನ್ನು ಕರೆದ.

"ಗೌರಿ, ಇದರಲ್ಲಿ ಎಂತ ತಪ್ಪಿದ್ದು ಹೇಳು. ಎಂಗೆ ಗೊತ್ತಾಗ್ತಿಲ್ಲೆ."

ಪರದೆಯ ಮೇಲೆ ಒಂದು ಸಂಸಾರ ಬಾಳೆಲೆ ಹಾಕಿಕೊಂಡು ಊಟಕ್ಕೆ ಕೂತಿತ್ತು. ಶ್ರೀಗೌರಿ ನೋಡಿ ನಕ್ಕೇಬಿಟ್ಟಳು.

"ಎಲ್ಲರೂ ಒಂದೇ ಸಲಕ್ಕೆ ಹಲ್ಲು ಬಿಡೂದು ಯಾರ ಮನೇಲಿದ್ದು ಅಣ್ಣ? ಒಬ್ಬನ ಕಣ್ಣು ಅರ್ಧ ಮುಚ್ಚಿರವು. ಒಬ್ಬನ ಬಾಯಲ್ಲಿ ಅನ್ನ ಇರವು. ಸಾರು ಎಲೆ ದಾಟಿ ಹರದೇ ಇಲ್ಲೆ!"

ಅವನು ಬರೆದುಕೊಳ್ಳುತ್ತ ಹೋದ, ಅವಳು ಹೇಳುತ್ತ ಹೋದಳು. ಬೆಳಕು ಒಂದೇ ಕಿಟಕಿಯಿಂದ ಬರಲಿ, ಮೂಲೆಯಲ್ಲಿರುವವರು ಕಪ್ಪಾಗಿ ಕಾಣಲಿ. ಗೋಡೆಯಲ್ಲಿ ಚಾರ್ಜರ್ ವೈರು ನೇತಾಡಲಿ. ಚಿತ್ರ ಸ್ವಲ್ಪ ಓರೆಯಾಗಲಿ, ಯಾರದೋ ಭುಜ ಅಂಚಿಗೆ ತುಂಡಾಗಲಿ. ಚರ್ಮ ಅಷ್ಟು ನುಣುಪಾಗಿರಬಾರದು, ಬೆವರಿನ ಜಿಡ್ಡು ಕಾಣಬೇಕು. ಎರಡು ವಾರ ಸಂಜೆ ಸಂಜೆ ಅಣ್ಣ ತಂಗಿ ಹೀಗೆ ಕೂತರು. ಸುಳ್ಳು ಚಿತ್ರ ಒಂದೊಂದಾಗಿ ನಿಜದ ಹಾಗೆ ಕೆಡುತ್ತ ಬಂದಾಗ ಇಬ್ಬರೂ ಮಕ್ಕಳ ಹಾಗೆ ಖುಷಿಪಟ್ಟರು.

ಅಂಥ ಒಂದು ಸಂಜೆಯೇ ಅವಳು ಪ್ರಕಾಶನ ವಿಷಯ ಬಾಯಿಬಿಟ್ಟದ್ದು. ಪ್ರಕಾಶ ಹೊನ್ನಾವರದಾಚೆಯ ಕಾಸರಕೋಡದವನು, ದೋಣಿ ಇಂಜಿನ್ ರಿಪೇರಿ ಮಾಡುವವನು. ಹೊನ್ನಾವರದ ಶಿಕ್ಷಕರ ತರಬೇತಿಗೆ ಅವಳು ಹೋದಾಗ ಬಸ್ಸಿನಲ್ಲಿ ಪರಿಚಯವಾಗಿ ಎರಡು ವರ್ಷವಾಗಿತ್ತು. ಜಾತಿ ಬೇರೆ, ಮೀನು ತಿನ್ನುವ ಮನೆ. ಆಯಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಶಿಶಿರ ಕುರ್ಚಿ ಅವಳ ಕಡೆ ತಿರುಗಿಸಿ, "ಹುಡುಗ ಹೆಂಗಿದ್ದ ನೋಡನ, ಫೋಟೋ ಕಳಿಸು. ಆಯಿ ಹತ್ರ ಆನು ಮಾತಾಡ್ತಿ" ಅಂದ. ಅವಳಿಗೆ ಕಣ್ಣು ತುಂಬಿ ಬಂತು. ಇದ್ದ ಫೋಟೋಗಳನ್ನೆಲ್ಲ ಕಳಿಸಿದಳು.

ಒಂದು ತಿಂಗಳ ನಂತರ ಗುರುತಿಲ್ಲದ ನಂಬರಿನಿಂದ ಅವಳ ಮೊಬೈಲಿಗೆ ಒಂದು ಫೋಟೋ ಬಂತು. ಭಟ್ಕಳದ ಯಾವುದೋ ಹೋಟೆಲಿನ ಎದುರು ಪ್ರಕಾಶ ನಿಂತಿದ್ದ. ಸೊಂಟದ ಮೇಲೆ ಎರಡು ವರ್ಷದ ಮಗು. ಪಕ್ಕದಲ್ಲೊಬ್ಬಳು ಹೆಂಗಸು ಮಗುವಿನ ಬಾಯಿ ಸೆರಗಿನಿಂದ ಒರೆಸುತ್ತಿದ್ದಳು. ಮಗುವಿನ ಕೈಯ ಐಸ್‌ಕ್ರೀಮು ಕರಗಿ ಪ್ರಕಾಶನ ಅಂಗಿಗೆ ಇಳಿದಿತ್ತು. ಅಡ್ಡ ಹಾದುಹೋದ ಸ್ಕೂಟರು ಚಿತ್ರದಲ್ಲಿ ಅರ್ಧ ಮಾತ್ರ ಸೆರೆಯಾಗಿತ್ತು. ಅವನ ಕಣ್ಣು ಅರ್ಧ ಮುಚ್ಚಿತ್ತು. ಕೆಳಗೆ ಒಂದೇ ಸಾಲು: "ಇವನ ಹೆಂಡತಿ ಮಗು ಭಟ್ಕಳದಲ್ಲಿ ಇದ್ದಾರೆ."

ಅಚ್ಚುಕಟ್ಟಾದ ಚಿತ್ರವೇನಾದರೂ ಆಗಿದ್ದರೆ ಅವಳು ಅನುಮಾನಿಸುತ್ತಿದ್ದಳೋ ಏನೋ. ಇದು ದಾರಿಹೋಕರು ಯಾರೋ ಅವಸರದಲ್ಲಿ ತೆಗೆದ ಹಾಗಿತ್ತು. ಪ್ರಕಾಶ ಭಟ್ಕಳದ ಬಂದರಿಗೆ ವಾರಕ್ಕೊಮ್ಮೆ ಕೆಲಸಕ್ಕೆ ಹೋಗುವುದೂ ನಿಜವಾಗಿತ್ತು. ಅವಳು ಅದನ್ನು ತೋರಿಸಿದ್ದು ಅಣ್ಣನಿಗೇ. ಅವನು ಬಹಳ ಹೊತ್ತು ನೋಡಿದ.

"ಅವಂಗೆ ತೋರ್ಸಡ ತಂಗಿ. ತೋರಿಸಿದ್ರೆ ಎಂತಾರೂ ಕಥೆ ಕಟ್ತ. ಸುಮ್ನೆ ಬಿಟ್ಟುಬಿಡು."

ಅವಳು ಹಾಗೆಯೇ ಮಾಡಿದಳು. ಫೋಟೋದ ಸುದ್ದಿ ಎತ್ತಲಿಲ್ಲ. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಮನೇಲಿ ಒಪ್ಪೂದಿಲ್ಲ, ಇನ್ನು ಫೋನ್ ಮಾಡ್ಬೇಡ" ಅಂದಳು. ಪ್ರಕಾಶ "ಎಂತ ಆತು? ನಾ ಎಂತ ಮಾಡ್ದೆ?" ಅಂತ ಬಸ್ಸಿನ ಕಿಟಕಿಯವರೆಗೂ ಬಂದ. ಅವಳು ಮುಖ ತಿರುಗಿಸಿ ಕೂತಳು. ಎಷ್ಟು ಚಂದ ನಟಿಸುತ್ತಾನೆ ಎಂದುಕೊಂಡಳು. ಮೋಸಹೋದ ಸಂಕಟಕ್ಕಿಂತ, ಎರಡು ವರ್ಷ ತನಗೆ ಗೊತ್ತೇ ಆಗಲಿಲ್ಲವಲ್ಲ ಎಂಬ ನಾಚಿಕೆ ಅವಳನ್ನು ಹೆಚ್ಚು ತಿಂದಿತು. ಆ ಮಳೆಗಾಲವಿಡೀ ಶಿಶಿರ ಅವಳನ್ನು ತಾನೇ ಶಾಲೆಗೆ ಬಿಟ್ಟುಬಂದ.

ದೀಪಾವಳಿ ಕಳೆದ ಮೇಲೆ ಶಿರಸಿ ಕಡೆಯ ಸಂಬಂಧವೊಂದು ಬಂತು. ಶ್ರೀಗೌರಿ ಒಲ್ಲೆ ಅಂದಳು. ಆಯಿ ಕಾಯಿ ತುರಿಯುತ್ತ ಕೂತಿದ್ದರು. ತುರಿಯುವುದನ್ನು ನಿಲ್ಲಿಸಿ ಸಿಟ್ಟಿನಲ್ಲಿ ಅಂದರು: "ಇನ್ನೂ ಅವನ್ನೇ ನೆನಸ್ತಾ ಇದ್ಯಾ? ಅಣ್ಣ ಅಷ್ಟೆಲ್ಲ ಕಷ್ಟಪಟ್ಟು ಫೋಟೋ ಮಾಡಿ ಬಿಡಿಸಿದ್ದು ಎಂತಕ್ಕೆ ಹಂಗಾರೆ?"

ಅಂದ ಮೇಲೆ ಆಯಿಗೇ ಎಚ್ಚರವಾಯಿತು. ಅವಸರದಲ್ಲಿ ಮತ್ತೆ ತುರಿಯತೊಡಗಿದರು.

"ಫೋಟೋ ಮಾಡಿ ಅಂದ್ರೆ?" ಶ್ರೀಗೌರಿ ಕೇಳಿದಳು. ಆಯಿ ಕಾಯಿಯ ಇನ್ನೊಂದು ಕಡಿ ಎತ್ತಿಕೊಂಡರು. "ನಿಂಗೂ ಗೊತ್ತಿತ್ತಾ ಆಯಿ?"

"ನಿನ್ನ ಒಳ್ಳೇದಕ್ಕೇ ಹೇಳಿ ಅವ ಮಾಡಿದ್ದು."

ಶಿಶಿರ ಕೋಣೆಯಲ್ಲೇ ಇದ್ದ. ಅವಳು ಹೋಗಿ ಬಾಗಿಲಲ್ಲಿ ನಿಂತಳು. ಅವನು ಮುಚ್ಚಿಡಲಿಲ್ಲ. "ನೇರ ಬೇಡ ಹೇಳಿದ್ರೆ ನೀ ಕೇಳ್ತಿದ್ಯಾ? ನೀ ಅವನ ಜೊತೆ ಓಡಿಹೋಗ್ತಿದ್ದೆ. ಊರಲ್ಲಿ ಯಾರಿಗೂ ಗೊತ್ತಾಗದ ಹಾಂಗೆ ಮುಗೀತು" ಅಂದ. ತಡೆದು, "ಅದೂ ಅಲ್ದೆ ಸುಲಭಕ್ಕೆ ಆಗಿದ್ದಲ್ಲ. ನೀ ನಂಬೂ ಹಾಂಗೆ ಮಾಡೂದು ಅಂದ್ರೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಅವಳಿಗೆ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಯಾವ ಕಣ್ಣು ಮುಚ್ಚಬೇಕು, ಎಲ್ಲಿ ತುಂಡಾಗಬೇಕು ಎಂದು ಹೇಳಿಕೊಟ್ಟವಳು ತಾನೇ. ಪ್ರಕಾಶನ ಮುಖವನ್ನು ಕಳಿಸಿದವಳೂ ತಾನೇ. ಫೋಟೋ ಬಂದ ದಿನ ಅದೇ ಕೋಣೆಯಲ್ಲಿ ಅಣ್ಣನ ಭುಜಕ್ಕೊರಗಿ ಅತ್ತಿದ್ದಳು. ಅವನು ತಲೆ ಸವರಿದ್ದ. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಮರುದಿನ ರಜೆ ಹಾಕಿ ಕಾಸರಕೋಡಕ್ಕೆ ಹೋದಳು. ಪ್ರಕಾಶ ದಡಕ್ಕೆಳೆದ ದೋಣಿಯ ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ಮೀನು ಒಣಹಾಕುತ್ತಿದ್ದ ಅವನ ತಾಯಿ ಸುಬ್ಬಿ ಇವಳನ್ನು ನೋಡಿ ಎದ್ದು ಒಳಗೆ ಹೋದಳು. ಶ್ರೀಗೌರಿ ನಡೆದದ್ದನ್ನೆಲ್ಲ ಹೇಳಿ ಮೊಬೈಲು ಕೊಟ್ಟಳು. ಅವನು ಎಣ್ಣೆಗೈ ಒರೆಸಿಕೊಂಡು ಫೋಟೋ ನೋಡಿದ. ಆ ಮಗುವಿನ ಮುಖವನ್ನು ದೊಡ್ಡದು ಮಾಡಿ ನೋಡಿದ.

"ನನ್ನ ಹಾಂಗೇ ಉಂಟಲ್ಲ ಮಗು," ಅಂದ. ಆಮೇಲೆ, "ಇದನ್ನ ಅವತ್ತೇ ತೋರಿಸ್ಬೋದಾಗಿತ್ತು ನೀನು. ಬೈದು ಕೇಳ್ಬೋದಾಗಿತ್ತು."

"ತಪ್ಪಾತು, ಪ್ರಕಾಶ."

"ಆತು ಬಿಡು. ನಿಮ್ಮಣ್ಣ ಮಾಡಿದ್ದು ನಂಗೆ ಅಷ್ಟು ಬೇಜಾರಿಲ್ಲ, ಅವನಿಗೆ ನಾ ಯಾರು? ಆದ್ರೆ ನಾಳೆ ಮತ್ತೊಂದು ಫೋಟೋ ಬಂದ್ರೆ? ಅವಾಗ್ಲೂ ನೀ ಬಸ್ ಹತ್ತಿ ಹೋಗ್ತೆ."

ಹೋಗುವುದಿಲ್ಲ ಎಂದರೆ ಅದೂ ಸುಳ್ಳಾದೀತು ಎಂದು ಅವಳಿಗೆ ಅನ್ನಿಸಿತು. ಅವನು ಮೊಬೈಲು ವಾಪಸು ಕೊಟ್ಟು ಸ್ಪ್ಯಾನರ್ ಎತ್ತಿಕೊಂಡ.

ಆ ವಾರವೇ ಅವಳು ಕುಮಟಾದಲ್ಲಿ ಸಹೋದ್ಯೋಗಿ ಪರಮೇಶ್ವರಿಯ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ಶಿಶಿರ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಒಂದು ಭಾನುವಾರ ಆಯಿ ಉಪ್ಪಿನಕಾಯಿ ಭರಣಿ ಹಿಡಿದು ಬಂದರು. ಶ್ರೀಗೌರಿ ಕೂರಿಸಿ ಚಹಾ ಕೊಟ್ಟಳು, ಮಂಡಿನೋವಿನ ಬಗ್ಗೆ ವಿಚಾರಿಸಿದಳು. ಅಣ್ಣನ ಸುದ್ದಿ ಕೇಳಲಿಲ್ಲ.

"ಮನೆಗೆ ಯಾವಾಗ ಬತ್ತೆ?" ಹೊರಡುವಾಗ ಆಯಿ ಕೇಳಿದರು.

"ಬತ್ನಿಲ್ಲೆ ಆಯಿ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಅಳು ನಿಜವೇ ಇರಬೇಕು ಎಂದುಕೊಂಡಳು ಶ್ರೀಗೌರಿ. ಹಾಗೆ ಅಂದಾಜು ಮಾಡಬೇಕಾಗಿ ಬಂತಲ್ಲ ಎಂದು ಸಂಕಟಪಟ್ಟಳು. ಕೈಹಿಡಿದು ಮೆಟ್ಟಿಲಿಳಿಸಿ, ರಿಕ್ಷಾ ನಿಲ್ಲಿಸಿ, ಆಯಿಯನ್ನು ಹತ್ತಿಸಿ ಕಳಿಸಿದಳು.